ಗಾಳಿ ಹೊರುವ ಮರಳು: ಮೀಟರಿಗೆ ಎಷ್ಟು ಟನ್, ಎಷ್ಟು ರೂಪಾಯಿ

ಒಣಗಿದ ಕಡಲತೀರದ ಮೇಲೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಗಾಳಿಗೆ ಅಡ್ಡವಾಗಿ ಒಂದು ಮೀಟರ್ ಉದ್ದದ ಗೆರೆ ಎಳೆದರೆ, ಒಂದು ಗಂಟೆಯಲ್ಲಿ ಸುಮಾರು 22 ಕೆ.ಜಿ. ಮರಳು ಆ ಗೆರೆಯನ್ನು ದಾಟುತ್ತದೆ. ಗಾಳಿ 33 ಕಿ.ಮೀ.ಗೆ ಏರಿದರೆ ಈ ಮೊತ್ತ 52 ಕೆ.ಜಿ., 41 ಕಿ.ಮೀ.ಗೆ ಏರಿದರೆ 101 ಕೆ.ಜಿ., 50 ಕಿ.ಮೀ. ಮುಟ್ಟಿದರೆ 174 ಕೆ.ಜಿ. ಆಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದಾಗ ಅದು ಸಾಗಿಸುವ ಮರಳು ಎಂಟು ಪಟ್ಟಾಗುತ್ತದೆ. ಇಲ್ಲಿ ಗಾಳಿಯನ್ನು ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯಲಾಗಿದೆ, ಮರಳಿನ ಕಣ 0.25 ಮಿ.ಮೀ. ದಪ್ಪವಿದೆ, ನೆಲದ ಒರಟುತನ 1 ಮಿ.ಮೀ. ಇದೆ ಎಂಬುದು ಈ ಲೆಕ್ಕದ ಆಧಾರ.

ಲೆಕ್ಕದ ಸೂತ್ರ ರಾಲ್ಫ್ ಬ್ಯಾಗ್ನಾಲ್ಡ್ ಅವರದು. ಬ್ರಿಟಿಷ್ ಸೇನೆಯ ಎಂಜಿನಿಯರ್ ಆಗಿದ್ದ ಅವರು ಲಿಬಿಯಾದ ಮರುಭೂಮಿಯಲ್ಲಿ ಓಡಾಡಿ, ಆಮೇಲೆ ಲಂಡನ್ನಿನಲ್ಲಿ ಗಾಳಿ ಸುರಂಗವೊಂದನ್ನು ಕಟ್ಟಿ, ಅಳತೆಗಳನ್ನು 1941ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನೆಲದ ಮೇಲಿನ ಗಾಳಿಯ ಎಳೆತವನ್ನು ಸೂಚಿಸುವ ವೇಗದ ಘನಕ್ಕೆ, ಅಂದರೆ ಮೂರನೇ ಘಾತಕ್ಕೆ, ತಕ್ಕಂತೆ ಮರಳಿನ ಸಾಗಣೆ ಹೆಚ್ಚುತ್ತದೆ ಎಂಬುದು ಸೂತ್ರದ ತಿರುಳು. ಮರುಭೂಮಿಗೆಂದು ಬರೆದದ್ದಾದರೂ ಕಡಲತೀರದ ಎಂಜಿನಿಯರುಗಳು ಇವತ್ತಿಗೂ ಲೆಕ್ಕ ಶುರುಮಾಡುವುದು ಅಲ್ಲಿಂದಲೇ.

ಒಂದೊಂದು ಕಣದ ಮಟ್ಟದಲ್ಲಿ ಇದನ್ನು ನೋಡಬೇಕು. 0.25 ಮಿ.ಮೀ. ದಪ್ಪದ ಸ್ಫಟಿಕದ ಕಣ ತೂಗುವುದು ಸುಮಾರು 0.022 ಮಿಲಿಗ್ರಾಂ. ಒಂದು ಕೆ.ಜಿ.ಯಲ್ಲಿ ಸುಮಾರು 4.6 ಕೋಟಿ ಕಣಗಳಿರುತ್ತವೆ. 41 ಕಿ.ಮೀ. ಗಾಳಿಗೆ ಒಂದು ಮೀಟರ್ ಗೆರೆಯನ್ನು ಸೆಕೆಂಡಿಗೆ 28 ಗ್ರಾಂ, ಅಂದರೆ ಸುಮಾರು 13 ಲಕ್ಷ ಕಣಗಳು ದಾಟುತ್ತವೆ. ಇವುಗಳಲ್ಲಿ ಮುಕ್ಕಾಲು ಪಾಲು ಜಿಗಿಯುತ್ತ ಸಾಗುತ್ತವೆ: ಕಣವೊಂದು ಮೇಲೆದ್ದು, ಎದ್ದ ಎತ್ತರದ ಸುಮಾರು 10 ಪಟ್ಟು ದೂರ ಹಾರಿ, ಕೆಳಗೆ ಬಿದ್ದ ರಭಸಕ್ಕೆ ಇನ್ನೊಂದು ಕಣವನ್ನು ಎಬ್ಬಿಸುತ್ತದೆ. ಉಳಿದ ಕಾಲು ಪಾಲು, ಬೀಳುವ ಕಣಗಳ ಪೆಟ್ಟಿಗೆ ನೆಲದ ಮೇಲೇ ತೆವಳುತ್ತದೆ. ಜಿಗಿದು ಬಿದ್ದ ಕಣ ತನ್ನ ಆರು ಪಟ್ಟು ದಪ್ಪದ, 200 ಪಟ್ಟಿಗೂ ಹೆಚ್ಚು ತೂಕದ ಕಣವನ್ನು ಮುಂದಕ್ಕೆ ತಳ್ಳಬಲ್ಲದು ಎಂದು ಬ್ಯಾಗ್ನಾಲ್ಡ್ ಅಳೆದು ತೋರಿಸಿದರು. ತೀರದಲ್ಲಿ ನಿಂತವರ ಕಣ್ಣಿಗೆ ಇದು ಪಾದದ ಮಟ್ಟದಲ್ಲಿ ಹಾವಿನಂತೆ ಹರಿಯುವ ಮರಳಿನ ಎಳೆಗಳಾಗಿ ಕಾಣುತ್ತದೆ. ಸಾಗಣೆಯ ಬಹುಪಾಲು ನಡೆಯುವುದು ಮೊಣಕಾಲಿಗಿಂತ ಕೆಳಗೆ.

ಕಣ ಮೊದಲ ಬಾರಿ ಅಲುಗಲು ಬೇಕಾದ ಗಾಳಿಯನ್ನು ಆರಂಭ ವೇಗ ಎನ್ನೋಣ. ಮೇಲೆ ಹೇಳಿದ ಒಣ ಮರಳಿಗೆ ಅದು ಗಂಟೆಗೆ ಸುಮಾರು 19 ಕಿ.ಮೀ. ಒಮ್ಮೆ ಜಿಗಿತ ಶುರುವಾದರೆ ಅದಕ್ಕಿಂತ ಶೇ. 20ರಷ್ಟು ಕಡಿಮೆ ಗಾಳಿಯಲ್ಲೂ ಸಾಗಣೆ ಮುಂದುವರಿಯುತ್ತದೆ, ಏಕೆಂದರೆ ಆಗ ಕಣವನ್ನು ಎಬ್ಬಿಸುವ ಕೆಲಸವನ್ನು ಬೀಳುವ ಕಣಗಳೇ ಮಾಡುತ್ತಿರುತ್ತವೆ.

ಸೂತ್ರಗಳ ನಡುವೆ ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಜಪಾನಿನ ಕವಾಮುರ 1951ರಲ್ಲಿ ಕೊಟ್ಟ ಸೂತ್ರ ಆರಂಭ ವೇಗವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. 33 ಕಿ.ಮೀ. ಗಾಳಿಗೆ ಬ್ಯಾಗ್ನಾಲ್ಡ್ ಉತ್ತರ 52 ಕೆ.ಜಿ.; ಕವಾಮುರ ಉತ್ತರ 84 ಕೆ.ಜಿ., ಅಂದರೆ ಶೇ. 60ಕ್ಕೂ ಹೆಚ್ಚು ಅಧಿಕ. ಗಾಳಿ 21 ಕಿ.ಮೀ.ಗೆ ಇಳಿದರೆ ಚಿತ್ರ ತಿರುಗುತ್ತದೆ: ಬ್ಯಾಗ್ನಾಲ್ಡ್ 12.6 ಕೆ.ಜಿ. ಹೇಳಿದರೆ ಕವಾಮುರ 5.7 ಕೆ.ಜಿ. ಹೇಳುತ್ತದೆ. ಹೀಗಾಗಿ ಈ ಬರಹದ ಸಾಗಣೆ ಲೆಕ್ಕಗಳನ್ನು ಹೋಲಿಕೆಗೆ ನಂಬಬಹುದು. ಕೊನೆಯ ಕಿಲೊವರೆಗೂ ನಂಬುವಂತಿಲ್ಲ. ಆದರೆ ಸೂತ್ರದಿಂದ ಸೂತ್ರಕ್ಕೆ ಬರುವ ಈ ಅಂತರಕ್ಕಿಂತ ದೊಡ್ಡ ಅಂತರವನ್ನು ತೀರದಲ್ಲಿ ನೀರು ತರುತ್ತದೆ.

ನೀರಿನ ಲೆಕ್ಕ ಹೀಗಿದೆ. ಪಿ.ವೈ. ಬೆಲ್ಲಿ ಎಂಬವರು 1964ರಲ್ಲಿ ಪ್ರಕಟಿಸಿದ ಸಂಬಂಧದ ಪ್ರಕಾರ ಮರಳಿನಲ್ಲಿ ತೂಕದ ಶೇ. 1ರಷ್ಟು ನೀರಿದ್ದರೆ ಆರಂಭ ವೇಗ 1.8 ಪಟ್ಟಾಗುತ್ತದೆ, ಶೇ. 4ರಷ್ಟಿದ್ದರೆ 2.16 ಪಟ್ಟು. ನಮ್ಮ ಮರಳಿಗೆ ಅನ್ವಯಿಸಿದರೆ ಆರಂಭ ವೇಗ 19 ಕಿ.ಮೀ.ಯಿಂದ 34ಕ್ಕೆ, ಅಲ್ಲಿಂದ 41ಕ್ಕೆ ಏರುತ್ತದೆ. ಒಂದು ಕೆ.ಜಿ. ಮರಳಿಗೆ ಶೇ. 1 ಎಂದರೆ 10 ಗ್ರಾಂ ನೀರು, ಎರಡು ಟೀ ಚಮಚದಷ್ಟು. ಅಷ್ಟು ನೀರು ಬಿದ್ದರೆ, ಗಂಟೆಗೆ 52 ಕೆ.ಜಿ. ಮರಳು ಸಾಗಿಸಬಲ್ಲ 33 ಕಿ.ಮೀ. ಗಾಳಿ ಒಂದು ಕಣವನ್ನೂ ಎಬ್ಬಿಸಲಾರದು. ಕಣಗಳ ನಡುವಿನ ತೇವದ ಪೊರೆ ಅವುಗಳನ್ನು ಹಿಡಿದಿಡುತ್ತದೆ. ಅಲೆ ಈಗಷ್ಟೇ ಹಿಂದೆ ಸರಿದ ಮರಳಿನಲ್ಲಿ ರಂಧ್ರಗಳೆಲ್ಲ ತುಂಬಿರುವಾಗ ನೀರಿನ ಪಾಲು ಸುಮಾರು ಶೇ. 25. ಅದು ಒಣಗಿ ಶೇ. 1ಕ್ಕಿಂತ ಕೆಳಗಿಳಿಯುವ ತನಕ ಆ ಜಾಗದ ಮರಳು ಗಾಳಿಯ ಪಾಲಿಗೆ ಇಲ್ಲದ ಲೆಕ್ಕ. ಮೇಲಿನ ಕೆಲವು ಮಿಲಿಮೀಟರ್ ಒಣಗಿದರೂ ಸಾಕು, ಸಾಗಣೆ ಶುರುವಾಗುತ್ತದೆ. ಆ ಪದರ ಹಾರಿಹೋದ ಕೂಡಲೇ ಕೆಳಗಿನ ಒದ್ದೆ ಪದರ ಬಯಲಾಗಿ ಮತ್ತೆ ನಿಲ್ಲುತ್ತದೆ.

ವರ್ಷದ ಲೆಕ್ಕಕ್ಕೆ ಬರೋಣ. ವರ್ಷದಲ್ಲಿ 8,760 ಗಂಟೆಗಳಿವೆ. ಅದರ ಶೇ. 5, ಅಂದರೆ 438 ಗಂಟೆ, 33 ಕಿ.ಮೀ. ಗಾಳಿ ಒಣ ಮರಳಿನ ಮೇಲೆ ಕಡಲ ಕಡೆಯಿಂದ ನೇರ ಬೀಸಿತು ಎಂದುಕೊಂಡರೆ, ತೀರದ ಪ್ರತಿ ಮೀಟರಿಗೆ 22.8 ಟನ್ ಮರಳು ಹಿಂದಿನ ದಿಬ್ಬ ಸೇರುತ್ತದೆ. ಸಡಿಲ ಮರಳಿನ ತೂಕ ಘನ ಮೀಟರಿಗೆ ಸುಮಾರು 1.6 ಟನ್ ಆದ್ದರಿಂದ ಇದು 14 ಘನ ಮೀಟರ್. ಅದೇ 438 ಗಂಟೆಯಲ್ಲಿ ಅರ್ಧ ಹೊತ್ತು ಮರಳು ಒದ್ದೆಯಾಗಿದ್ದರೆ 7 ಘನ ಮೀಟರ್. ಗಾಳಿ ಬದಲಾಗಲಿಲ್ಲ, ದಿಬ್ಬಕ್ಕೆ ಬರುವ ಮರಳು ಮಾತ್ರ ಅರ್ಧಕ್ಕಿಳಿಯಿತು.

ಎರಡನೇ ಮಿತಿ ತೀರದ ಅಗಲ. ಒದ್ದೆ ಅಂಚಿನಿಂದ ಹೊರಟ ಗಾಳಿ ಮೊದಲ ಹೆಜ್ಜೆಯಲ್ಲೇ ತನ್ನ ಪೂರ್ತಿ ಹೊರೆ ಹೊತ್ತುಕೊಳ್ಳುವುದಿಲ್ಲ. ಒಂದು ಕಣ ಕೆಲವನ್ನು, ಆ ಕೆಲವು ಹಲವನ್ನು ಎಬ್ಬಿಸುತ್ತ ಹೋಗಿ ಹೊರೆ ತುಂಬಲು ಹತ್ತಾರು ಮೀಟರ್ ದೂರ ಬೇಕು. ಮರಳು ತೇವವಾಗಿದ್ದರೆ ಇನ್ನೂ ಹೆಚ್ಚು. ಇದನ್ನು ಓಟದ ದೂರ ಎನ್ನಬಹುದು. 40 ಮೀಟರ್ ಅಗಲದ ತೀರದಲ್ಲಿ ನೇರ ಬೀಸುವ ಗಾಳಿಗೆ ಸಿಗುವ ಓಟ 40 ಮೀಟರ್. 45 ಡಿಗ್ರಿ ಓರೆಯಾಗಿ ಬೀಸಿದರೆ 57 ಮೀಟರ್, 60 ಡಿಗ್ರಿಯಾದರೆ 80 ಮೀಟರ್. ಆದರೆ ಓರೆ ಗಾಳಿ ತರುವ ಮರಳು ದಿಬ್ಬದ ಹೆಚ್ಚು ಉದ್ದಕ್ಕೆ ಹಂಚಿಹೋಗುತ್ತದೆ. ಪೂರ್ತಿ ಹೊರೆ 52 ಕೆ.ಜಿ. ಇದ್ದರೂ 45 ಡಿಗ್ರಿಯಲ್ಲಿ ದಿಬ್ಬದ ಮೀಟರಿಗೆ ತಲುಪುವುದು 37 ಕೆ.ಜಿ., 60 ಡಿಗ್ರಿಯಲ್ಲಿ 26 ಕೆ.ಜಿ. ತೀರವೇ 10 ಮೀಟರಿಗೆ ಕುಗ್ಗಿದ್ದರೆ 60 ಡಿಗ್ರಿ ಓರೆಯಲ್ಲೂ ಓಟ 20 ಮೀಟರ್ ಮಾತ್ರ. ಹೊರೆ ತುಂಬುವ ಮೊದಲೇ ತೀರ ಮುಗಿದಿರುತ್ತದೆ.

ಈ ಎರಡು ಮಿತಿಗಳು ಸೇರಿದಾಗ ಏನಾಗುತ್ತದೆ ಎಂಬುದನ್ನು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಗ್ರೀನ್‌ವಿಚ್ ದಿಬ್ಬಗಳಲ್ಲಿ ನಡೆದ ಅಧ್ಯಯನ ತೋರಿಸಿತು. ಐರೀನ್ ಡೆಲ್ಗಾಡೊ-ಫರ್ನಾಂಡಿಸ್ ಮತ್ತು ರಾಬಿನ್ ಡೇವಿಡ್‌ಸನ್-ಆರ್ನಾಟ್ ಅಲ್ಲಿ ಕ್ಯಾಮೆರಾ, ಗಾಳಿಮಾಪಕಗಳನ್ನು ನಿಲ್ಲಿಸಿ 9 ತಿಂಗಳು ದಾಖಲೆ ಇಟ್ಟರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸೂತ್ರವನ್ನಷ್ಟೇ ನಂಬಿದರೆ ಅತಿ ಹೆಚ್ಚು ಮರಳು ತರಬೇಕಾದದ್ದು ಅತಿ ಜೋರಿನ ಬಿರುಗಾಳಿಗಳು. ಆದರೆ ಅವು ದಿಬ್ಬಕ್ಕೆ ತಂದ ಮರಳು ಅಲ್ಪ, ಕೆಲವೊಮ್ಮೆ ಸೊನ್ನೆ. ಅಷ್ಟು ಗಾಳಿ ಬೀಸುವಾಗ ಕಡಲು ಉಕ್ಕಿ ಬಂದು ತೀರವೇ ನೀರಿನಡಿ ಮುಳುಗಿರುತ್ತದೆ. ಚಳಿಗಾಲದ ಹಿಮ, ಮಂಜುಗಡ್ಡೆಗಳದ್ದೂ ಇದೇ ಕಥೆ. ದಿಬ್ಬವನ್ನು ಬೆಳೆಸಿದ್ದು ಮಧ್ಯಮ ಗಾಳಿಗಳು. ಗಾಳಿ ಎಷ್ಟಿದೆ ಎಂಬುದಕ್ಕಿಂತ ಗಾಳಿಯ ಕೈಗೆ ಸಿಗುವ ಒಣ ಮರಳು ಎಷ್ಟಿದೆ ಎಂಬುದೇ ತೀರದ ಬಂಡವಾಳ ಎನ್ನುವುದು ಈ ಬರಹದ ವಾದ. ಅದನ್ನು ಹಣದ ಲೆಕ್ಕದಲ್ಲಿ ಪರೀಕ್ಷಿಸಲು ನೆದರ್ಲೆಂಡ್ಸ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ನೆದರ್ಲೆಂಡ್ಸ್‌ನ ಕಡಲತೀರ ಸುಮಾರು 350 ಕಿ.ಮೀ. ಇದರಲ್ಲಿ ಸುಮಾರು 250 ಕಿ.ಮೀ. ಉದ್ದಕ್ಕೆ ಕಡಲನ್ನು ತಡೆದು ನಿಂತಿರುವುದು ಮರಳ ದಿಬ್ಬಗಳು. ದೇಶದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1953ರ ಜನವರಿ 31ರ ರಾತ್ರಿ ಕಡಲು ಒಳನುಗ್ಗಿದಾಗ ಅಲ್ಲಿ ಸತ್ತವರು 1,836 ಮಂದಿ. ಹೀಗಾಗಿ ಅಲ್ಲಿ ಮರಳನ್ನು ಸರ್ಕಾರವೇ ಎಣಿಸುತ್ತದೆ: 1965ರಿಂದ ಪ್ರತಿ ವರ್ಷ, ಸುಮಾರು 250 ಮೀಟರಿಗೊಂದರಂತೆ, ದಿಬ್ಬದಿಂದ ಕಡಲೊಳಗಿನವರೆಗೆ ತೀರದ ಅಡ್ಡ ಅಳತೆ ತೆಗೆಯಲಾಗುತ್ತಿದೆ.

1990ರಲ್ಲಿ ಆ ದೇಶ ತನ್ನ ತೀರರೇಖೆಯನ್ನು ಇದ್ದಲ್ಲೇ ಉಳಿಸಿಕೊಳ್ಳುವ ನೀತಿ ಕೈಗೊಂಡಿತು. ಆ ದಶಕದಲ್ಲಿ ವರ್ಷಕ್ಕೆ ಸುಮಾರು 60 ಲಕ್ಷ ಘನ ಮೀಟರ್ ಮರಳನ್ನು ಸಮುದ್ರತಳದಿಂದ ತೆಗೆದು ತೀರಕ್ಕೆ ಸುರಿಯಲಾಯಿತು. 2001ರಿಂದ ಗುರಿ 1.2 ಕೋಟಿ ಘನ ಮೀಟರಿಗೆ, ಅಂದರೆ ಎರಡು ಪಟ್ಟಿಗೆ ಏರಿತು. 350 ಕಿ.ಮೀ.ಗೆ ಹಂಚಿದರೆ ತೀರದ ಪ್ರತಿ ಮೀಟರಿಗೆ ವರ್ಷಕ್ಕೆ 34 ಘನ ಮೀಟರ್, ತೂಕದಲ್ಲಿ 55 ಟನ್.

ಹಡಗು ಸುರಿಯುವ ಈ 34ರ ಪಕ್ಕದಲ್ಲಿ ಗಾಳಿಯ ಅಂಕಿ ಇಟ್ಟು ನೋಡಬೇಕು. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಿಯೆರ್ಡ್ ಡಿ ವ್ರೀಸ್ ಮತ್ತು ಸಂಗಡಿಗರು ದಶಕಗಳ ಅಳತೆಗಳನ್ನು ಜಾಲಾಡಿ 2012ರಲ್ಲಿ ಕೊಟ್ಟ ಉತ್ತರದಂತೆ, ಹಾಲೆಂಡ್ ತೀರದ ದಿಬ್ಬಗಳು ವರ್ಷಕ್ಕೆ ಮೀಟರಿಗೆ 0ಯಿಂದ 40 ಘನ ಮೀಟರ್ ಬೆಳೆಯುತ್ತವೆ. ಕೆಳಗಿನ ಅಂಚನ್ನು ಗಮನಿಸಿ ಮೀಟರಿಗೆ 10 ಎಂದಷ್ಟೇ ಹಿಡಿದರೂ 250 ಕಿ.ಮೀ. ದಿಬ್ಬಕ್ಕೆ ವರ್ಷಕ್ಕೆ 25 ಲಕ್ಷ ಘನ ಮೀಟರ್ ಆಯಿತು. ಹಡಗುಗಳು ಸುರಿಯುವುದರ ಶೇ. 21. ಗಾಳಿ ಹೊಸ ಮರಳನ್ನು ಸೃಷ್ಟಿಸುವುದಿಲ್ಲ ಎಂಬುದು ನಿಜ. ಅಲೆ ತೀರಕ್ಕೆ ತಂದಿಟ್ಟದ್ದನ್ನು ಅದು ದಿಬ್ಬಕ್ಕೆ ಏರಿಸುತ್ತದೆ, ಅಷ್ಟೇ. ಆದರೆ ತೀರದಲ್ಲಿರುವ ಮರಳಿಗಿಂತ ದಿಬ್ಬದಲ್ಲಿರುವ ಮರಳಿಗೆ ರಕ್ಷಣೆಯ ಬೆಲೆ ಹೆಚ್ಚು. ಬಿರುಗಾಳಿಯೊಂದು ದಿಬ್ಬದಿಂದ ಮೀಟರಿಗೆ 100 ಘನ ಮೀಟರ್ ಕೊರೆದುಕೊಂಡು ಹೋಯಿತು ಎಂದಿಟ್ಟುಕೊಂಡರೆ, ವರ್ಷಕ್ಕೆ 40 ಸಿಗುವ ಜಾಗ ಎರಡೂವರೆ ವರ್ಷದಲ್ಲಿ ಚೇತರಿಸಿಕೊಳ್ಳುತ್ತದೆ. 14 ಸಿಗುವ ಜಾಗಕ್ಕೆ 7 ವರ್ಷ ಬೇಕು. 5 ಸಿಗುವ ಜಾಗಕ್ಕೆ 20 ವರ್ಷ. ನಡುವೆ ಇನ್ನೊಂದು ಬಿರುಗಾಳಿ ಬರುವುದಿಲ್ಲ ಎಂಬ ಭರವಸೆ ಯಾರೂ ಕೊಡಲಾರರು.

ಬೆಲೆ ಕಟ್ಟಲು ಒಂದು ದರ ಬೇಕು. 2011ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ, ಡೆಲ್ಫ್‌ಲ್ಯಾಂಡ್ ತೀರದಲ್ಲಿ, ಕಡಲೊಳಕ್ಕೆ ಸುಮಾರು 1 ಕಿ.ಮೀ. ಚಾಚಿದ ಕೊಕ್ಕೆಯಾಕಾರದ ಮರಳಿನ ರಾಶಿ ಹಾಕಲಾಯಿತು. ಹೆಸರು ಝಂಡ್‌ಮೋಟರ್, ಮರಳಿನ ಎಂಜಿನ್. ಮೊತ್ತ 2.15 ಕೋಟಿ ಘನ ಮೀಟರ್, ವಿಸ್ತೀರ್ಣ 128 ಹೆಕ್ಟೇರ್, ಖರ್ಚು ಸುಮಾರು 7 ಕೋಟಿ ಯೂರೊ. ಯೂರೊಗೆ 65 ರೂಪಾಯಿಯಷ್ಟಿದ್ದ ಆ ವರ್ಷದ ದರದಲ್ಲಿ 455 ಕೋಟಿ ರೂಪಾಯಿ. ಘನ ಮೀಟರಿಗೆ 3.26 ಯೂರೊ, ಅಂದರೆ 212 ರೂಪಾಯಿ. ಟನ್ನಿಗೆ 132 ರೂಪಾಯಿ. ಒಮ್ಮೆಗೇ ಇಷ್ಟು ಸುರಿದು, ಅಲೆ, ಪ್ರವಾಹ, ಗಾಳಿಗಳೇ ಅದನ್ನು 20 ವರ್ಷ ಅಕ್ಕಪಕ್ಕದ ತೀರಕ್ಕೆ ಹಂಚಲಿ ಎಂಬುದು ಯೋಜನೆ. ವರ್ಷದ ಪಾಲು 10.75 ಲಕ್ಷ ಘನ ಮೀಟರ್.

ಈ 212 ರೂಪಾಯಿ ದರವನ್ನು ಗಾಳಿಯ ಕೆಲಸಕ್ಕೆ ಹಚ್ಚಿದರೆ, ಮೀಟರಿಗೆ ವರ್ಷಕ್ಕೆ 14 ಘನ ಮೀಟರ್ ಎತ್ತಿಕೊಡುವ ಗಾಳಿ ಸುಮಾರು 3,000 ರೂಪಾಯಿಯ ಕೆಲಸ ಮಾಡುತ್ತದೆ. ಕಿಲೋಮೀಟರಿಗೆ 30 ಲಕ್ಷ. ಮೇಲೆ ಹೇಳಿದ 25 ಲಕ್ಷ ಘನ ಮೀಟರಿಗೆ 53 ಕೋಟಿ ರೂಪಾಯಿ, ಪ್ರತಿ ವರ್ಷ, ಡೀಸೆಲ್ ಇಲ್ಲದೆ.

ಝಂಡ್‌ಮೋಟರ್‌ನಲ್ಲಿ ಕಡಲು ತನ್ನ ಪಾಲಿನ ಕೆಲಸ ಬೇಗ ಶುರುಮಾಡಿತು: ಮೊದಲ 18 ತಿಂಗಳಲ್ಲಿ 18 ಲಕ್ಷ ಘನ ಮೀಟರ್ ಮರಳು ರಾಶಿಯಿಂದ ಸರಿಯಿತು. ಗಾಳಿಯ ಲೆಕ್ಕ ಬೇರೆ ದಾರಿ ಹಿಡಿಯಿತು. ಬಾಸ್ ಹೂನ್‌ಹೌಟ್ ಮತ್ತು ಸಿಯೆರ್ಡ್ ಡಿ ವ್ರೀಸ್ ಎರಡು ತಿಂಗಳಿಗೊಮ್ಮೆಯಂತೆ 4 ವರ್ಷ ತೆಗೆದ ಅಳತೆಗಳನ್ನು ಕೂಡಿಸಿ ಕಳೆದು ನೋಡಿದರು. ಅವರ ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಗಾಳಿ ತಂದು ಸೇರಿಸಿದ ಮರಳಿನಲ್ಲಿ ಶೇ. 58ಕ್ಕೂ ಹೆಚ್ಚು ಬಂದದ್ದು ಅಲೆಗಳು ಮತ್ತೆ ಮತ್ತೆ ತೊಳೆಯುವ ತಗ್ಗಿನ ತೀರದಿಂದ. ಅಲೆ ತಲುಪದ ಎತ್ತರದ ಬಯಲು, ಯಾವಾಗಲೂ ಒಣಗಿದ್ದರೂ, ಅರ್ಧ ವರ್ಷ ಕಳೆಯುವಷ್ಟರಲ್ಲಿ ಮರಳು ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು.

ಕಾರಣ ಕಾಲ ಕೆಳಗೇ ಇತ್ತು. ಸಮುದ್ರತಳದಿಂದ ತೆಗೆದ ಮರಳಿನಲ್ಲಿ ಚಿಪ್ಪು, ಚಿಪ್ಪಿನ ಚೂರು, ಸಣ್ಣ ಕಲ್ಲು ಬೆರೆತಿರುತ್ತವೆ. ಗಾಳಿ ಸಣ್ಣ ಕಣವನ್ನು ಒಯ್ಯುತ್ತದೆ, ದೊಡ್ಡದನ್ನು ಬಿಟ್ಟುಹೋಗುತ್ತದೆ. ಬಿಟ್ಟದ್ದು ಮೇಲ್ಮೈಯಲ್ಲಿ ಕೂಡಿಕೊಳ್ಳುತ್ತ ಹೋಗಿ ಕೊನೆಗೆ ನೆಲಗಟ್ಟಿನಂತೆ ಹಾಸಿಕೊಳ್ಳುತ್ತದೆ. ತಜ್ಞರು ಇದಕ್ಕೆ ಕವಚ ಪದರ ಎನ್ನುತ್ತಾರೆ. ಉದಾಹರಣೆಗೆ 100 ಪಾಲು ಮರಳಿನಲ್ಲಿ 2 ಪಾಲು ಚಿಪ್ಪಿನ ಚೂರಿದೆ, ಚೂರುಗಳ ದಪ್ಪ 5 ಮಿ.ಮೀ. ಎಂದಿಟ್ಟುಕೊಳ್ಳಿ. 25 ಸೆಂ.ಮೀ. ಮರಳು ಹಾರಿಹೋಗುವಷ್ಟರಲ್ಲಿ 5 ಮಿ.ಮೀ. ದಪ್ಪದ ಹಾಸು ತಯಾರಾಗಿರುತ್ತದೆ. ಅದರಡಿ ಮೀಟರುಗಟ್ಟಲೆ ಆಳಕ್ಕೆ ಒಣ ಮರಳಿದ್ದರೂ ಗಾಳಿಗೆ ದಕ್ಕುವುದಿಲ್ಲ. ತಗ್ಗಿನ ತೀರದಲ್ಲಿ ಈ ಹಾಸು ಕಟ್ಟಿಕೊಳ್ಳಲು ಅಲೆ ಬಿಡುವುದಿಲ್ಲ: ದಿನಕ್ಕೆರಡು ಉಬ್ಬರ, ಪ್ರತಿ ಬಾರಿಯೂ ಮರಳನ್ನು ಕಲಕಿ ಹೊಸ ಕಣಗಳನ್ನು ಮೇಲೆ ತರುತ್ತದೆ. ತಗ್ಗಿನ ತೀರ ಒದ್ದೆಯಾಗಿರುವ ಗಂಟೆಗಳ ನಷ್ಟವನ್ನು ಈ ಕಲಕುವಿಕೆ ತುಂಬಿಕೊಟ್ಟು ಮಿಗುತ್ತದೆ.

ರಾಶಿಯ ತುದಿ ಡಚ್ ಸಮುದ್ರಮಟ್ಟಕ್ಕಿಂತ ಸುಮಾರು 7 ಮೀಟರ್ ಎತ್ತರವಿತ್ತು. ದಿಬ್ಬಕ್ಕೆ ಮರಳು ಒದಗಿಸುವ ದೃಷ್ಟಿಯಿಂದ ನೋಡಿದರೆ ಅಷ್ಟು ಎತ್ತರಕ್ಕೆ ಪೇರಿಸಿದ ಮರಳು ಹೂಡಿಟ್ಟು ಬೀಗ ಹಾಕಿದ ಹಣ. ಅದೇ ಘನ ಮೀಟರುಗಳನ್ನು ಉಬ್ಬರದ ನೀರು ತಲುಪುವ ಮಟ್ಟದಲ್ಲಿ ಹರಡಿದ್ದರೆ ಗಾಳಿಗೆ ಹೆಚ್ಚು ದಿನ ಸಿಗುತ್ತಿತ್ತು ಎಂದೇ ಅಂಕಿಗಳನ್ನು ನಾನು ಓದುತ್ತೇನೆ.

ಬಂದ ಮರಳನ್ನು ಹಿಡಿಯುವುದು ಸಸ್ಯ. ಯುರೋಪಿನ ತೀರಗಳಲ್ಲಿ ಮ್ಯಾರಮ್ ಹುಲ್ಲು ವರ್ಷಕ್ಕೆ 1 ಮೀಟರಿನವರೆಗೆ ಮರಳಿನಲ್ಲಿ ಹೂತುಹೋದರೂ ಮೇಲೆದ್ದು ಚಿಗುರುತ್ತದೆ. ಮರಳು ಬರುವುದು ನಿಂತರೆ ಸೊರಗುತ್ತದೆ. ಡಚ್ಚರು ಶತಮಾನಗಳ ಕಾಲ ಈ ಹುಲ್ಲು ನೆಟ್ಟು ದಿಬ್ಬವನ್ನು ಬಿಗಿ ಮಾಡಿದರು. ಈಗ ಕೆಲವೆಡೆ ಅದನ್ನೇ ಸಡಿಲಿಸುತ್ತಿದ್ದಾರೆ: ಕೆನೆಮರ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನದಲ್ಲಿ 2012-13ರಲ್ಲಿ ಮೊದಲ ಸಾಲಿನ ದಿಬ್ಬದಲ್ಲಿ 5 ಕಂಡಿಗಳನ್ನು ತೋಡಿದರು, ಗಾಳಿ ಮರಳನ್ನು ಒಳನಾಡಿನ ದಿಬ್ಬಗಳಿಗೂ ಒಯ್ಯಲಿ ಎಂದು. ಹಿಡಿತ ಪೂರ್ತಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕಿನ ಉತ್ತರ ತುದಿ ಸಾಕ್ಷಿ. ಸ್ಕಾಗನ್ ಊರಿನ ಚರ್ಚನ್ನು ಮರಳಿನಿಂದ ಬಿಡಿಸಿ ಬಿಡಿಸಿ ಸಾಕಾಗಿ 1795ರಲ್ಲಿ ಮುಚ್ಚಬೇಕಾಯಿತು. ಇವತ್ತು ಗೋಪುರವಷ್ಟೇ ಉಳಿದಿದೆ. ಹತ್ತಿರದ ರಾಬ್ಯೆರ್ಗ್ ಮಿಲೆ ಎಂಬ ದಿಬ್ಬ ಸುಮಾರು 35 ಲಕ್ಷ ಘನ ಮೀಟರ್ ಮರಳು ಹೊತ್ತು ವರ್ಷಕ್ಕೆ 15ರಿಂದ 18 ಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ.

ನಮ್ಮಲ್ಲಿ ಗಾಳಿಯ ಮರಳು ಎಂದೊಡನೆ ನೆನಪಾಗುವುದು ತಲಕಾಡು. ಅದು ಕಡಲಲ್ಲ, ಕಾವೇರಿಯ ದಂಡೆ. ಆದರೂ ಬೇಸಿಗೆಯಲ್ಲಿ ಬಯಲಾಗುವ ಒಣ ಮರಳು, ಅದರ ಮೇಲೆ ಬೀಸುವ ಗಾಳಿ, ಲೆಕ್ಕ ಒಂದೇ. 1117ರ ಕೀರ್ತಿನಾರಾಯಣ ದೇವಾಲಯವನ್ನು ಅಗೆದು ಹೊರತೆಗೆಯಬೇಕಾಯಿತು.

ಕರ್ನಾಟಕದ ಕರಾವಳಿಯಲ್ಲಿ ನೆದರ್ಲೆಂಡ್ಸ್‌ನಲ್ಲಿರುವಂಥ ದೊಡ್ಡ ದಿಬ್ಬಗಳಿಲ್ಲ. ಅದಕ್ಕೆ ಗಾಳಿಯ ಕೊರತೆ ಕಾರಣವಲ್ಲ. ಇಲ್ಲಿ ಗಾಳಿ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್. ವರ್ಷಕ್ಕೆ 3,000 ಮಿ.ಮೀ. ಮೀರುವ ಮಳೆಯ ಬಹುಪಾಲು ಸುರಿಯುವುದೂ ಅದೇ 4 ತಿಂಗಳಲ್ಲಿ. ನೆದರ್ಲೆಂಡ್ಸ್‌ನ ವಾರ್ಷಿಕ ಮಳೆ 800ರಿಂದ 900 ಮಿ.ಮೀ., ಅದೂ 12 ತಿಂಗಳಿಗೆ ಹಂಚಿಕೊಂಡದ್ದು. ಶೇ. 1ರಷ್ಟು ತೇವ 33 ಕಿ.ಮೀ. ಗಾಳಿಯನ್ನು ಕಟ್ಟಿಹಾಕುತ್ತದೆ ಎಂಬ ಅಂಕಿಯನ್ನು ಇಲ್ಲಿ ನೆನೆಯಬೇಕು. ಜೊತೆಗೆ ಮಳೆಗಾಲದ ಅಲೆಗಳು ತೀರವನ್ನು ಕೊರೆದು ಅಗಲವನ್ನೂ ಕುಗ್ಗಿಸುತ್ತವೆ. ಗಾಳಿ ಇರುವಾಗ ಒಣ ಮರಳಿಲ್ಲ, ಓಟದ ದೂರವೂ ಇಲ್ಲ.

ಹಾಗಾಗಿ ಇಲ್ಲಿ ಕೆಲಸ ನಡೆಯುವುದು ಬೇಸಿಗೆಯ ಮಧ್ಯಾಹ್ನಗಳಲ್ಲಿ, ಕಡಲ ಗಾಳಿ ಏಳುವ ಹೊತ್ತಿನಲ್ಲಿ. ಫೆಬ್ರುವರಿಯಿಂದ ಮೇವರೆಗಿನ ಅವಧಿಯಲ್ಲಿ 90 ದಿನ, ದಿನಕ್ಕೆ 3 ಗಂಟೆ, 25 ಕಿ.ಮೀ. ಗಾಳಿ ಎಂದು ಉದಾಹರಣೆಗೆ ಹಿಡಿಯೋಣ. 270 ಗಂಟೆಗೆ ಮೀಟರಿಗೆ 5.9 ಟನ್, ಅಂದರೆ 3.7 ಘನ ಮೀಟರ್. ಮೇಲಿನ ಡಚ್ ದರದಲ್ಲಿ 780 ರೂಪಾಯಿ, ಕಿಲೋಮೀಟರಿಗೆ 7.8 ಲಕ್ಷ. ಇದು ಅಳತೆಯಲ್ಲ, ಲೆಕ್ಕಾಚಾರ. ಗಾಳಿ ಒಂದಿಷ್ಟು ಹೆಚ್ಚಿ 33 ಕಿ.ಮೀ. ಇದ್ದರೆ ಅದೇ 270 ಗಂಟೆಗೆ 14 ಟನ್ ಆಗುತ್ತದೆ. ಆರಂಭ ವೇಗ ಮುಟ್ಟದೆ 19ಕ್ಕಿಂತ ಕೆಳಗೇ ಉಳಿದ ದಿನಗಳ ಪಾಲು ಸೊನ್ನೆ. 5.9 ಟನ್ ಎಂದರೆ, ಮೇಲೆ 438 ಗಂಟೆಗೆ ಲೆಕ್ಕ ಹಾಕಿದ 22.8 ಟನ್ನಿನ ಶೇ. 26 ಮಾತ್ರ. ಬರುವುದೇ ಕಡಿಮೆ ಇರುವಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಹಿಡಿಯುವ ಕಾಲ ಹೆಚ್ಚು.

ಕಳೆದುಕೊಂಡದ್ದರ ಅಂಕಿ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಬಳಿ ಇದೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳ ಪ್ರಕಾರ ದೇಶದ ತೀರದ ಶೇ. 33.6 ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಪರಿಶೀಲಿಸಿದ 313.02 ಕಿ.ಮೀ.ಯಲ್ಲಿ ಕೊರೆತ 74.34 ಕಿ.ಮೀ. (ಶೇ. 23.7), ಸ್ಥಿರ 156.78 ಕಿ.ಮೀ. (ಶೇ. 50.1), ಮರಳು ಕೂಡಿಕೊಂಡಿರುವುದು 81.90 ಕಿ.ಮೀ. (ಶೇ. 26.2). ದೇಶದ ಸರಾಸರಿಗಿಂತ ನಮ್ಮ ಸ್ಥಿತಿ ಸುಮಾರು 10 ಶೇಕಡಾಂಶ ಉತ್ತಮ. ಅದನ್ನು ಉಳಿಸಿಕೊಳ್ಳುವ ಖರ್ಚು, ಕೆಟ್ಟ ಮೇಲೆ ಸರಿಪಡಿಸುವ ಖರ್ಚಿಗಿಂತ ಕಡಿಮೆ.

ಕೊರೆತ ಕಂಡ ಕಡೆ ಮೊದಲು ಬರುವ ಬೇಡಿಕೆ ಕಲ್ಲಿನ ತಡೆಗೋಡೆ. ಮನೆಯಂಗಳಕ್ಕೆ ಕಡಲು ಬಂದವರಿಗೆ ಬೇರೆ ದಾರಿ ಕಾಣುವುದಿಲ್ಲ. ಅವರ ಬೇಡಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಗೋಡೆಯ ಲೆಕ್ಕವನ್ನೂ ಹೇಳಬೇಕು. ಗೋಡೆ ಕಡಲನ್ನು ತಡೆದಂತೆ ಮರಳನ್ನೂ ತಡೆಯುತ್ತದೆ: ಅದರ ಹಿಂದಿನ ದಿಬ್ಬಕ್ಕೆ ಗಾಳಿಯ ಪಾಲು ನಿಲ್ಲುತ್ತದೆ, ಬಿರುಗಾಳಿಯ ದಿನ ಆ ದಿಬ್ಬದ ಮರಳು ತೀರಕ್ಕೆ ಮರಳುವುದೂ ನಿಲ್ಲುತ್ತದೆ. ದಿಬ್ಬ ಇನ್ನೂ ಉಳಿದಿರುವ, ಸ್ಥಿರವೆಂದು ದಾಖಲಾದ 156.78 ಕಿ.ಮೀ.ಯಲ್ಲಿ ಇದು ಮೊದಲ ಪರಿಹಾರವಾಗಬಾರದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮರಳ ದಿಬ್ಬಗಳನ್ನು ಅತಿ ಸೂಕ್ಷ್ಮ ಪ್ರದೇಶವೆಂದು, ಒಂದು-ಎ ವರ್ಗಕ್ಕೆ ಸೇರಿಸಿದೆ. ಅದೇ ಅಧಿಸೂಚನೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು ಉಬ್ಬರದ ಗೆರೆಯಿಂದ 200 ಮೀಟರ್ ಇದ್ದದ್ದನ್ನು 50 ಮೀಟರಿಗೆ ಇಳಿಸಿದೆ. ದಿಬ್ಬವನ್ನು ಒಂದು ವಾಕ್ಯ ಕಾಯುತ್ತದೆ, ದಿಬ್ಬ ಹಿಂದೆ ಸರಿಯಲು ಬೇಕಾದ ಜಾಗವನ್ನು ಇನ್ನೊಂದು ವಾಕ್ಯ ಮುಕ್ಕಾಲು ಪಾಲು ಕಡಿಮೆ ಮಾಡಿದೆ.

ಕೊನೆಯದಾಗಿ ತೀರದಿಂದ ಒಯ್ಯುವ ಹೊಯಿಗೆಯ ಲೆಕ್ಕ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ಗಣಿಗಾರಿಕೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. 10 ಟನ್ನಿನ ಒಂದು ಟಿಪ್ಪರ್ ಮರಳು ಎಂದರೆ ಮೇಲಿನ ಕರ್ನಾಟಕದ ಉದಾಹರಣೆಯಲ್ಲಿ ಗಾಳಿ ಒಂದು ಮೀಟರ್ ತೀರಕ್ಕೆ 1.7 ವರ್ಷದಲ್ಲಿ ಎತ್ತಿಕೊಡುವ ಮರಳು. ದಿನಕ್ಕೆ 10 ಟಿಪ್ಪರ್‌ನಂತೆ ಒಂದು ತಿಂಗಳು ತೆಗೆದರೆ 3,000 ಟನ್. 510 ಮೀಟರ್ ತೀರದ ಒಂದು ವರ್ಷದ ಪಾಲು. ಅದನ್ನು ತೆಗೆಯುವುದು ಹೆಚ್ಚಾಗಿ ಅಲೆ ತೊಳೆಯುವ ತಗ್ಗಿನ ತೀರದಿಂದ, ಝಂಡ್‌ಮೋಟರ್‌ನಲ್ಲಿ ಶೇ. 58ಕ್ಕೂ ಹೆಚ್ಚು ಮರಳು ಒದಗಿಸಿದ್ದು ಅಂಥದೇ ಜಾಗ. ಕರಾವಳಿಯ ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ತೀರದ ಅಗಲವನ್ನು, ಮೊದಲ ಸಾಲಿನ ದಿಬ್ಬದ ಎತ್ತರವನ್ನು ವರ್ಷಕ್ಕೆರಡು ಬಾರಿ, ಮೇ ಕೊನೆಗೆ ಮತ್ತು ಅಕ್ಟೋಬರ್ ಮೊದಲಿಗೆ, ಅಳೆದು ಬರೆದಿಡಬೇಕು. ಅದಕ್ಕೆ ಬೇಕಾದದ್ದು ಟೇಪು, ಒಂದು ಅಳತೆ ಕೋಲು, ಇಬ್ಬರು ಜನ. ಮುಂದಿನ ತಡೆಗೋಡೆಯ ಅಂದಾಜು ಪಟ್ಟಿ ತಯಾರಾಗುವ ಮೊದಲು ಆ ಪುಸ್ತಕವನ್ನು ತೆರೆದು ನೋಡಲಿ.